ನದಿ ನೀರಲ್ಲಿ ಲೋಹ ಸಿಕ್ಕಿತು, ಸರಿ. ಅಪಾಯ ಎಷ್ಟು ಅಂತ ಹೇಗೆ ಲೆಕ್ಕ ಹಾಕ್ತಾರೆ?

ಪುಣೆಯ ನದಿಗಳು ಕೊನೆಗೆ ಹೋಗುವುದು ನಮ್ಮ ಊರಿನ ಕಡೆಗೇ. ಪವನಾ ದಾಪೋಡಿ ಹತ್ತಿರ ಮುಳಾ ಸೇರುತ್ತದೆ. ಮುಳಾ, ಮುಠಾ ಒಂದಾಗಿ ಭೀಮೆಗೆ ಬೀಳುತ್ತವೆ. ಆಳಂದಿ ದಾಟಿ ಬರುವ ಇಂದ್ರಾಯಣಿಯೂ ತುಳಾಪುರದಲ್ಲಿ ಭೀಮೆಯನ್ನೇ ಸೇರುತ್ತದೆ. ಆಮೇಲೆ ಉಜನಿ ಡ್ಯಾಮ್, ಪಂಢರಪುರ. ಅಲ್ಲಿಂದ ಕೆಳಗೆ ಇಂಡಿ, ಸಿಂದಗಿ, ಅಫಜಲಪುರ, ಗಾಣಗಾಪುರ. ಕೊನೆಗೆ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆ. ಪುಣೆಯ ಭೋಸರಿ, ಚಿಂಚವಾಡದ ವರ್ಕ್‌ಶಾಪುಗಳಲ್ಲಿ ದುಡಿಯುವ ವಿಜಯಪುರ, ಕಲಬುರಗಿ ಕಡೆಯ ಮಂದಿಗೆ ಇದು ದೂರದ ವಿಷಯ ಅಲ್ಲವೇ ಅಲ್ಲ. ಇಲ್ಲಿ ಕೆಲಸ, ಅಲ್ಲಿ ಹೊಲ. ನಡುವೆ ಹರಿಯುವುದು ಒಂದೇ ನೀರು.

ಅದಕ್ಕೇ 'ನದಿ ನೀರಲ್ಲಿ ಭಾರಲೋಹ' ಅಂತ ಯಾವುದೋ ಲ್ಯಾಬ್ ರಿಪೋರ್ಟ್ ಫೋನಿಗೆ ಬಂದಾಗ ಎರಡೂ ಕಡೆ ಗಾಬರಿ ಆಗುತ್ತದೆ. ಸತು ಇಷ್ಟು, ತಾಮ್ರ ಇಷ್ಟು, ಕ್ರೋಮಿಯಂ ಇಷ್ಟು ಅಂತ ಒಂದು ಪಟ್ಟಿ. ಕೆಲವು ಅಂಕಿಗಳ ಸುತ್ತ ಕೆಂಪು ಗುರುತು. ಅದನ್ನು ನೋಡಿದ ಒಬ್ಬರು 'ಎಲ್ಲಾ ವಿಷ, ಫ್ಯಾಕ್ಟರಿ ಬಂದ್ ಮಾಡಿಸಿ' ಅನ್ನುತ್ತಾರೆ. ಇನ್ನೊಬ್ಬರು 'ತಾಮ್ರದ ಚೊಂಬಲ್ಲಿ ನೀರು ಕುಡಿಯೋದಿಲ್ವಾ, ಏನಾಗುತ್ತೆ ಬಿಡಿ' ಅನ್ನುತ್ತಾರೆ. ಇಬ್ಬರೂ ಪಟ್ಟಿಯ ಅಂಕಿಯನ್ನಷ್ಟೇ ನೋಡಿ ಮಾತಾಡುತ್ತಿದ್ದಾರೆ. ಲೋಹದ ವಿಷಯದಲ್ಲಿ ಆ ಒಂದು ಅಂಕಿಯಿಂದ ಅಪಾಯ ತಿಳಿಯುವುದಿಲ್ಲ. ಅದು ಯಾವ ರೂಪದಲ್ಲಿದೆ, ಎಂಥ ನೀರಲ್ಲಿದೆ, ಯಾರ ಮೈಗೆ ಸೇರುತ್ತದೆ ಅನ್ನುವುದೂ ಗೊತ್ತಾಗಬೇಕು. ಮಿತಿ ಹಾಕುವ ಮೊದಲು ವಿಜ್ಞಾನಿಗಳು ಮಾಡುವುದು ಈ ಲೆಕ್ಕವನ್ನೇ.

ಲೋಹ ಬೇರೆ ರಾಸಾಯನಿಕಗಳ ಥರ ಅಲ್ಲ

ಹೊಸ ಕೀಟನಾಶಕ ಬಂತು ಅಂದುಕೊಳ್ಳಿ. ಅದರ ಬಗ್ಗೆ ಮೂರು ಪ್ರಶ್ನೆ ಕೇಳುವುದು ರೂಢಿ. ಎಷ್ಟು ದಿನ ಕೊಳೆಯದೆ ಉಳಿಯುತ್ತದೆ? ಜೀವಿಗಳ ಮೈಯಲ್ಲಿ ಶೇಖರ ಆಗುತ್ತದಾ? ಎಷ್ಟು ವಿಷ? ಮೂರಕ್ಕೂ ಕೆಟ್ಟ ಉತ್ತರ ಬಂದರೆ ಆ ವಸ್ತುವನ್ನು ನಿಷೇಧಿಸುವ ಮಾತು ಶುರುವಾಗುತ್ತದೆ. ಮನುಷ್ಯ ತಯಾರಿಸಿದ ಇಂಗಾಲದ ರಾಸಾಯನಿಕಗಳಿಗೆ ಈ ಪದ್ಧತಿ ಚೆನ್ನಾಗಿ ಹೊಂದುತ್ತದೆ.

ಲೋಹಕ್ಕೆ ಬಂದಾಗ ಮೊದಲ ಪ್ರಶ್ನೆಯೇ ಕೆಲಸಕ್ಕೆ ಬರುವುದಿಲ್ಲ. ತಾಮ್ರ, ಸತು, ಸೀಸ ಎಲ್ಲಾ ಮೂಲಧಾತುಗಳು. ಅವು ಕೊಳೆಯುವುದಿಲ್ಲ, ಯಾವ ಬ್ಯಾಕ್ಟೀರಿಯಾ ತಿಂದರೂ ಮುಗಿಯುವುದಿಲ್ಲ. ಹಾಗೆ ನೋಡಿದರೆ ಕಬ್ಬಿಣವೂ 'ಎಂದೂ ಹೋಗದ ವಸ್ತು', ಪಾದರಸವೂ ಅದೇ. ಎರಡಕ್ಕೂ ಒಂದೇ ಉತ್ತರ ಕೊಡುವ ಪರೀಕ್ಷೆಯಿಂದ ಯಾವುದು ಹೆಚ್ಚು ಅಪಾಯ ಅಂತ ಹೇಗೆ ತಿಳಿಯಬೇಕು? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2007ರಲ್ಲಿ ಲೋಹಗಳಿಗೆಂದೇ ಬೇರೆ ಮಾರ್ಗಸೂಚಿ ತಂದದ್ದು ಇಂಥ ತೊಡಕುಗಳಿಂದಲೇ. ಯುರೋಪಿನಲ್ಲಿ ಸತು, ನಿಕಲ್, ತಾಮ್ರ ಒಂದೊಂದನ್ನೂ ತೆಗೆದುಕೊಂಡು ವರ್ಷಗಟ್ಟಲೆ ಇದೇ ಲೆಕ್ಕ ನಡೆದಿದೆ.

ನೆಲದಲ್ಲೇ ಇದ್ದದ್ದೆಷ್ಟು, ನಾವು ಸುರಿದದ್ದೆಷ್ಟು

ಕೀಟನಾಶಕ ನದಿಯಲ್ಲಿ ಸಿಕ್ಕರೆ ಅದನ್ನು ಯಾರೋ ಹಾಕಿದ್ದೇ. ಲೋಹ ಹಾಗಲ್ಲ. ಅದು ಕಲ್ಲಿನಲ್ಲಿ, ಮಣ್ಣಿನಲ್ಲಿ ಮೊದಲಿಂದಲೂ ಇದೆ.

ಪುಣೆ ಕೂತಿರುವುದು ಬಸಾಲ್ಟ್ ಮೇಲೆ, ಅಂದರೆ ಕೋಟ್ಯಂತರ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಗಟ್ಟಿಯಾದ ಕಪ್ಪು ಕಲ್ಲಿನ ಮೇಲೆ. ವಿಜಯಪುರ, ಬೀದರ ಕಡೆಗೂ ಇದೇ ಕಲ್ಲು ಹಬ್ಬಿದೆ. ಅಲ್ಲಿನ ಎರೆಮಣ್ಣು ಇದು ಸವೆದೇ ಆದದ್ದು. ಬಸಾಲ್ಟ್‌ನಲ್ಲಿ ತಾಮ್ರ, ನಿಕಲ್, ಕ್ರೋಮಿಯಂ ಗ್ರಾನೈಟಿಗಿಂತ ಸಹಜವಾಗಿಯೇ ಹಲವು ಪಟ್ಟು ಜಾಸ್ತಿ. ಸೀಸ ಮಾತ್ರ ಸಾಮಾನ್ಯವಾಗಿ ಗ್ರಾನೈಟಿನಲ್ಲೇ ಹೆಚ್ಚು. ಹಾಗಾಗಿ ಕೋಲಾರದ ಮಣ್ಣಿಗೆ ಸರಿಹೋಗುವ ತಾಮ್ರದ ಮಿತಿಯನ್ನು ಇಂಡಿಯ ಎರೆಹೊಲಕ್ಕೆ ಹಾಕಿದರೆ, ಯಾವ ಫ್ಯಾಕ್ಟರಿ ನೀರೂ ಮುಟ್ಟದ ಹೊಲವೂ 'ಕಲುಷಿತ' ಅಂತ ಬರೆಸಿಕೊಳ್ಳಬಹುದು.

ಗೋವಾದಲ್ಲೂ ಹೀಗೇ. ಬಿಚೋಲಿ, ಸತ್ತರಿ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣ, ಮ್ಯಾಂಗನೀಸ್ ತುಂಬಿಕೊಂಡಿದೆ. ಅಲ್ಲಿ ಮಾಂಡೋವಿ, ಜುವಾರಿ ನದಿಗಳ ಕೆಸರಲ್ಲಿ ಕಬ್ಬಿಣ ಸಿಕ್ಕಿತು ಅನ್ನುವುದು ಸುದ್ದಿಯೇ ಅಲ್ಲ. ಗಣಿಗಾರಿಕೆಯಿಂದ ಎಷ್ಟು ಹೆಚ್ಚಾಯಿತು, ಮಳೆಗೆ ಕೊಚ್ಚಿ ಬಂದ ಗಣಿಮಣ್ಣು ಯಾವ ಗದ್ದೆ ಮುಚ್ಚಿತು ಅನ್ನುವುದು ಸುದ್ದಿ. ಅದಕ್ಕಾಗಿ ತಜ್ಞರು ಹಿನ್ನೆಲೆ ಮಟ್ಟವನ್ನು ಹುಡುಕುತ್ತಾರೆ. ಕೈಗಾರಿಕೆ ಇಲ್ಲದ ಮೇಲ್ಭಾಗದ ಹಳ್ಳದ ನೀರು ತೆಗೆದು ಅಳೆಯುತ್ತಾರೆ. ಕೆರೆ, ಖಾಡಿಯ ತಳದ ಕೆಸರನ್ನು ಆಳದವರೆಗೆ ಕೊಳವೆ ಇಳಿಸಿ ತೆಗೆಯುತ್ತಾರೆ. ಕೆಳಗಿನ ಪದರ ಹಳೆಯದು, ಕೈಗಾರಿಕೆ ಬರುವ ಮುಂಚಿನದು. ಮೇಲಿನದು ಈಚಿನದು. ಎರಡರ ನಡುವಿನ ವ್ಯತ್ಯಾಸದಲ್ಲಿ ನಮ್ಮ ಪಾಲು ಕಾಣುತ್ತದೆ.

ಮೈಗೆ ಬೇಕಾದದ್ದು, ಬೇಡವೇ ಬೇಡದ್ದು

ಸತು ಇಲ್ಲದೆ ಗಿಡ ಬೆಳೆಯುವುದಿಲ್ಲ, ಮಕ್ಕಳೂ ಬೆಳೆಯುವುದಿಲ್ಲ. ಭೂಮಿಯಲ್ಲಿ ಸತು ಕಡಿಮೆ ಅಂತ ಊರಲ್ಲಿ ರೈತರು ದುಡ್ಡು ಕೊಟ್ಟು ಝಿಂಕ್ ಸಲ್ಫೇಟ್ ತಂದು ಹಾಕುತ್ತಾರೆ. ಅದೇ ಸತು ಭೋಸರಿಯ ಪ್ಲೇಟಿಂಗ್ ಶಾಪಿನ, ಅಂದರೆ ಸಾಮಾನಿಗೆ ಲೋಹದ ಲೇಪ ಕೊಡುವ ಕಡೆಯ, ತೊಳೆದ ನೀರಲ್ಲಿ ಹೋದರೆ ಅದಕ್ಕೆ ಮಾಲಿನ್ಯ ಅಂತ ಹೆಸರು. ಎರಡೂ ಸರಿಯೇ.

ತಾಮ್ರ, ಸತು, ಕಬ್ಬಿಣ, ಮ್ಯಾಂಗನೀಸ್ ಜೀವಕ್ಕೆ ಬೇಕು. ಕಡಿಮೆಯಾದರೆ ಒಂದು ತೊಂದರೆ, ಹೆಚ್ಚಾದರೆ ಇನ್ನೊಂದು. ನಡುವೆ ಒಂದು ಹದ ಇರುತ್ತದೆ. ಸುರಕ್ಷೆ ಹೆಸರಲ್ಲಿ ಮಿತಿಯನ್ನು ಆ ಹದಕ್ಕಿಂತ ಕೆಳಗೆ ಇಳಿಸಿದರೆ ಕಾಗದದ ಮೇಲೆ ಚೆಂದ ಕಾಣುತ್ತದೆ, ನೀರಿನ ಜೀವಿಗಳಿಗೆ ಕೊರತೆ ಆಗುತ್ತದೆ. ಸೀಸ, ಪಾದರಸ, ಕ್ಯಾಡ್ಮಿಯಂ ಕಥೆ ಬೇರೆ. ಅವುಗಳಿಂದ ನಮ್ಮ ಮೈಗೆ ಯಾವ ಉಪಯೋಗವೂ ಇಲ್ಲ. ಸೀಸದ ವಿಷಯದಲ್ಲಂತೂ ಸುರಕ್ಷಿತ ಅನ್ನಬಹುದಾದ ಮಟ್ಟ ಯಾವುದೂ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ, ಅಂದರೆ ಐಎಸ್ 10500ರಲ್ಲಿ, ಇದು ನೇರವಾಗಿ ಕಾಣುತ್ತದೆ. ಲೀಟರಿಗೆ ಸತು 5 ಮಿಲಿಗ್ರಾಂವರೆಗೆ ಇರಬಹುದು. ಸೀಸ 0.01 ಮಿಲಿಗ್ರಾಂ ಮಾತ್ರ. ಅಂದರೆ 500 ಪಟ್ಟು ವ್ಯತ್ಯಾಸ. ಎರಡನ್ನೂ ಕೂಡಿಸಿ 'ಒಟ್ಟು ಭಾರಲೋಹ ಇಷ್ಟು' ಅಂತ ಬರೆಯುವ ರಿಪೋರ್ಟು ಏನನ್ನೂ ಹೇಳುವುದಿಲ್ಲ.

ಯಾವ ರೂಪದಲ್ಲಿದೆ?

ಇಡೀ ಲೆಕ್ಕದ ಜೀವ ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಹಿತ್ತಾಳೆ ಪಾತ್ರೆಗೆ ಕಲಾಯಿ ಯಾಕೆ ಹಾಕಿಸುತ್ತಿದ್ದರು? ಕಲಾಯಿ ಹೋದ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರು ಇಟ್ಟರೆ ಹುಳಿಗೆ ತಾಮ್ರ ಕರಗುತ್ತದೆ, ಕಿಲುಬು ಏರುತ್ತದೆ. ಸಾರು ಕಹಿಯಾಗುತ್ತದೆ, ತಿಂದವರಿಗೆ ವಾಂತಿ ಆಗುತ್ತದೆ. ಅದೇ ಪಾತ್ರೆಯಲ್ಲಿ ಬರೀ ನೀರಿಟ್ಟರೆ ಅಷ್ಟೇನೂ ಆಗುವುದಿಲ್ಲ. ಎರಡು ಸಲವೂ ಪಾತ್ರೆ ಒಂದೇ, ಅದರಲ್ಲಿರುವ ತಾಮ್ರವೂ ಅಷ್ಟೇ. ಬದಲಾದದ್ದು ಎಷ್ಟು ಕರಗಿ ಹೊರಗೆ ಬಂತು ಅನ್ನುವುದು.

ನದಿಯಲ್ಲೂ ಇದೇ ನಡೆಯುತ್ತದೆ. ಮಳೆಗಾಲದಲ್ಲಿ ಮುಠಾ ನೀರು ತೆಗೆದು ಅದರಲ್ಲಿರುವ ಒಟ್ಟು ತಾಮ್ರ ಅಳೆದರೆ ಅಂಕಿ ದೊಡ್ಡದು ಬರಬಹುದು. ಅದರಲ್ಲಿ ಬಹಳಷ್ಟು ಮಣ್ಣಿನ ಕಣದೊಳಗೆ ಗಟ್ಟಿಯಾಗಿ ಕೂತ ತಾಮ್ರ. ಮೀನಿಗೆ ಅದು ತಕ್ಷಣ ತಾಕುವುದಿಲ್ಲ. ಅದಕ್ಕೇ ನೀರನ್ನು 0.45 ಮೈಕ್ರಾನ್ ರಂಧ್ರದ ಫಿಲ್ಟರಿನಲ್ಲಿ ಸೋಸಿ, ಕರಗಿದ ಲೋಹವನ್ನು ಬೇರೆಯಾಗಿ ಅಳೆಯುತ್ತಾರೆ. ರಿಪೋರ್ಟಿನಲ್ಲಿ 'ಒಟ್ಟು' ಅಂತ ಇದೆಯೋ 'ಕರಗಿದ' ಅಂತ ಇದೆಯೋ ನೋಡದೆ ಎರಡು ರಿಪೋರ್ಟುಗಳನ್ನು ಹೋಲಿಸಲೇಬಾರದು.

ಗಟ್ಟಿ ಲೋಹಕ್ಕೂ ಒಂದು ಪರೀಕ್ಷೆ ಇದೆ. ರಾಸಾಯನಿಕಗಳಿಗೆ ಅಪಾಯದ ಲೇಬಲ್ ಹಚ್ಚುವ ವಿಶ್ವಸಂಸ್ಥೆಯ ಪದ್ಧತಿಯಲ್ಲಿ, ಲೋಹದ ಪುಡಿಯನ್ನು ಲೀಟರ್ ನೀರಿಗೆ 1, 10, 100 ಮಿಲಿಗ್ರಾಂ ಲೆಕ್ಕದಲ್ಲಿ ಹಾಕಿ 7 ದಿನ ಕಲಕುತ್ತಾರೆ. ದೀರ್ಘಕಾಲದ ಪರಿಣಾಮಕ್ಕೆ 28 ದಿನ. ಎಷ್ಟು ಕರಗಿತು ಅನ್ನುವುದನ್ನು ನೋಡಿ ಆಮೇಲೆ ಲೇಬಲ್. ಮನೆಯ ಸ್ಟೀಲ್ ಲೋಟದಲ್ಲಿ ನೂರಕ್ಕೆ ಹತ್ತು ಪಾಲಿಗಿಂತ ಜಾಸ್ತಿ ಕ್ರೋಮಿಯಂ ಇರುತ್ತದೆ. ಆದರೂ ಅದು ಬಿಟ್ಟುಕೊಡುವುದು ತೀರಾ ಕಡಿಮೆ. ಒಳಗೆ ಎಷ್ಟಿದೆ ಅನ್ನುವುದನ್ನಷ್ಟೇ ನೋಡಿ ಕಾನೂನು ಮಾಡಿದ್ದರೆ ಆ ಲೋಟವೂ ಅಪಾಯಕಾರಿ ಪಟ್ಟಿಗೆ ಸೇರುತ್ತಿತ್ತು.

ಕ್ರೋಮಿಯಂನದು ಇನ್ನೂ ಒಂದು ಕಥೆ. ಕ್ರೋಮ್ ಪ್ಲೇಟಿಂಗ್ ಮಾಡುವ ಕಡೆ ಹೋದವರಿಗೆ ಗೊತ್ತು, ಬಾತ್ ಟ್ಯಾಂಕಿನಲ್ಲಿ ಕಡುಕೆಂಪು ದ್ರಾವಣ ಇರುತ್ತದೆ. ಮಾಲನ್ನು ಎತ್ತಿ ಪಕ್ಕದ ಟ್ಯಾಂಕಿನಲ್ಲಿ ಅದ್ದಿ ತೊಳೆದರೆ ಆ ನೀರು ಹಳದಿ ಆಗುತ್ತದೆ. ಆ ಹಳದಿ ಬಣ್ಣವೇ ಆರು ವೇಲೆನ್ಸಿಯ ಕ್ರೋಮಿಯಂ, ಅಂದರೆ ಆ ಲೋಹದ ಒಂದು ರೂಪ. ಶಾಪಿನಲ್ಲಿ ಹೆಕ್ಸಾವೇಲೆಂಟ್ ಅನ್ನುತ್ತಾರೆ. ಅದು ನೀರಲ್ಲಿ ಚೆನ್ನಾಗಿ ಕರಗುತ್ತದೆ, ಜೀವಕೋಶದ ಒಳಗೆ ಸುಲಭವಾಗಿ ನುಗ್ಗುತ್ತದೆ. ಉಸಿರಿನಲ್ಲಿ ಹೋದರೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಸರಿಯಾಗಿ ಕೆಲಸ ಮಾಡುವ ಇಟಿಪಿಯಲ್ಲಿ, ಅಂದರೆ ಫ್ಯಾಕ್ಟರಿಯ ಕೊಳಕು ನೀರು ಶುದ್ಧ ಮಾಡುವ ಘಟಕದಲ್ಲಿ, ಈ ನೀರಿಗೆ ಮೊದಲು ಆಸಿಡ್ ಹಾಕಿ, ಸೋಡಿಯಂ ಮೆಟಾಬೈಸಲ್ಫೈಟ್ ಸೇರಿಸುತ್ತಾರೆ. ಕಣ್ಣೆದುರೇ ಹಳದಿ ಹೋಗಿ ಹಸಿರು ಬರುತ್ತದೆ. ಅಂದರೆ ಅದು ಮೂರು ವೇಲೆನ್ಸಿಯ ಕ್ರೋಮಿಯಂ ಆಯಿತು. ಆಮೇಲೆ ಸುಣ್ಣ ಹಾಕಿದರೆ ಹಸಿರು ಸ್ಲಡ್ಜ್, ಅಂದರೆ ಕೆಸರಿನಂಥ ಗಸಿ, ಆಗಿ ಕೆಳಗೆ ಕೂರುತ್ತದೆ. ಈ ರೂಪ ನೀರಲ್ಲಿ ಅಷ್ಟಾಗಿ ಕರಗುವುದಿಲ್ಲ, ಜೀವಕೋಶದೊಳಗೂ ಸುಲಭವಾಗಿ ಹೋಗುವುದಿಲ್ಲ.

ನಮ್ಮ ಕಾನೂನು ಇದನ್ನು ಒಪ್ಪಿಕೊಂಡಿದೆ. ನದಿಗೆ ಬಿಡುವ ನೀರಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 2 ಮಿಲಿಗ್ರಾಂವರೆಗೆ ಇರಬಹುದು, ಹೆಕ್ಸಾವೇಲೆಂಟ್ ಮಾತ್ರ 0.1 ದಾಟಬಾರದು. ಒಂದೇ ಲೋಹ, ರೂಪ ಬೇರೆ, ಮಿತಿಯಲ್ಲಿ 20 ಪಟ್ಟು ವ್ಯತ್ಯಾಸ. ಹಾಗಂತ ಹಸಿರು ಸ್ಲಡ್ಜನ್ನು ರಸ್ತೆ ಬದಿಗೆ ಸುರಿಯಬಹುದು ಅಂತಲ್ಲ. ಮಣ್ಣಿನಲ್ಲಿರುವ ಮ್ಯಾಂಗನೀಸ್ ಆಕ್ಸೈಡ್ ಅದರಲ್ಲಿ ಸ್ವಲ್ಪವನ್ನು ಮತ್ತೆ ಹಳದಿ ರೂಪಕ್ಕೆ ತಿರುಗಿಸಬಲ್ಲದು. ಕೆಲಸಗಾರರಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಆ ಟ್ಯಾಂಕಿನ ಆವಿ ಮೊದಲು ಹೋಗುವುದು ಅವರ ಮೂಗಿಗೆ.

ಕಲಾಯಿಗೆ ಹಾಕುವ ತವರವನ್ನೂ ನೋಡಿ. ಪಾತ್ರೆಯಲ್ಲಿ ಅದು ನಮ್ಮನ್ನು ಕಾಯುತ್ತದೆ. ಅದೇ ತವರಕ್ಕೆ ಇಂಗಾಲದ ಗುಂಪುಗಳನ್ನು ಜೋಡಿಸಿ ಮಾಡಿದ ಟ್ರೈಬ್ಯುಟೈಲ್ ಟಿನ್ ಅನ್ನುವ ವಸ್ತುವನ್ನು ಹಡಗಿನ ತಳಕ್ಕೆ ಬಣ್ಣದಲ್ಲಿ ಸೇರಿಸಿ ಹಚ್ಚುತ್ತಿದ್ದರು, ಚಿಪ್ಪುಜೀವಿಗಳು ಅಂಟಬಾರದು ಅಂತ. ಅದು ಬಂದರುಗಳ ನೀರಿಗೆ ಇಳಿದು ಹೆಣ್ಣು ಶಂಖದ ಹುಳುಗಳಲ್ಲಿ ಗಂಡಿನ ಅಂಗ ಬೆಳೆಯುವಂತೆ ಮಾಡಿತು. ಫ್ರಾನ್ಸ್‌ನಲ್ಲಿ ಸಿಂಪಿ ಸಾಕಣೆಯೇ ಕುಸಿದು, 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿದರು. 2001ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಆಯಿತು, 2008ರಲ್ಲಿ ಜಾರಿಗೆ ಬಂತು. ನಿಷೇಧ ಬಂದದ್ದು ಆ ಒಂದು ರೂಪದ ಮೇಲೆ. ತವರ ಈಗಲೂ ಅಂಗಡಿಯಲ್ಲಿ ಸಿಗುತ್ತದೆ.

ನೀರು ಎಂಥದ್ದು?

ಮೀನಿಗೆ ಲೋಹ ಮುಖ್ಯವಾಗಿ ತಾಕುವುದು ಕಿವಿರಿನಲ್ಲಿ. ಕಿವಿರು ಉಸಿರಾಟಕ್ಕಷ್ಟೇ ಅಲ್ಲ, ನೀರಿನಿಂದ ಸೋಡಿಯಂ, ಕ್ಯಾಲ್ಸಿಯಂ ಎಳೆದುಕೊಳ್ಳುವ ಜಾಗವೂ ಹೌದು. ತಾಮ್ರದ ಕಣ ಅಲ್ಲಿ ಬಂದು ಕೂತರೆ ಸೋಡಿಯಂ ದಾರಿ ಕೆಡುತ್ತದೆ. ಸತು ಕ್ಯಾಲ್ಸಿಯಂ ದಾರಿಯನ್ನು ಹಿಡಿಯುತ್ತದೆ. ದಾರಿ ಕಟ್ಟಿಹೋದರೆ ಮೀನು ಸಾಯುತ್ತದೆ.

ಈಗ ನೀರು ಗಡಸಾಗಿದೆ ಅಂದುಕೊಳ್ಳಿ. ನಮ್ಮ ಬೋರ್‌ವೆಲ್ ನೀರಿನ ಥರ, ಸೋಪು ಹಚ್ಚಿದರೆ ನೊರೆಯೇ ಬಾರದ ನೀರು. ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಕಿವಿರಿನ ಜಾಗಕ್ಕೆ ಕ್ಯಾಲ್ಸಿಯಂ ಪೈಪೋಟಿ ಕೊಡುತ್ತದೆ, ಲೋಹಕ್ಕೆ ಕೂರಲು ಎಡೆ ಕಡಿಮೆ. ಸಹ್ಯಾದ್ರಿಯ ಮಳೆಯಿಂದ ತುಂಬುವ ಮೆದು ನೀರಲ್ಲಿ ಈ ರಕ್ಷಣೆ ಇಲ್ಲ. ಅಮೆರಿಕದ ಸಿಹಿನೀರಿನ ನಿಯಮದಲ್ಲಿ ಸತುವಿನ ಮಿತಿ ಒಂದು ಅಂಕಿ ಅಲ್ಲ, ಒಂದು ಸೂತ್ರ. ನೀರಿನ ಗಡಸುತನ ಲೀಟರಿಗೆ 50 ಮಿಲಿಗ್ರಾಂ ಇದ್ದರೆ ಸತು ಸುಮಾರು 65 ಮೈಕ್ರೋಗ್ರಾಂ ದಾಟಬಾರದು. ಗಡಸುತನ 100 ಇದ್ದರೆ ಸುಮಾರು 120. 200 ಇದ್ದರೆ ಸುಮಾರು 210.

ಇದನ್ನು ನಮ್ಮ ಕುಡಿಯುವ ನೀರಿನ ಮಿತಿಯ ಪಕ್ಕದಲ್ಲಿಟ್ಟು ನೋಡಿ. ಮನುಷ್ಯನಿಗೆ ಸತು 5 ಮಿಲಿಗ್ರಾಂ, ಅಂದರೆ 5000 ಮೈಕ್ರೋಗ್ರಾಂ. ಮೀನಿಗೆ 120. ನಾವು ಕುಡಿದು ಆರಾಮಾಗಿರಬಹುದಾದ ನೀರಲ್ಲಿ ಮೀನು ಉಳಿಯದೆ ಹೋಗಬಹುದು! 'ಕುಡಿಯುವ ನೀರಿನ ಮಾನದಂಡಕ್ಕಿಂತ ಕಡಿಮೆಯೇ ಇದೆ' ಅಂತ ಯಾರಾದರೂ ಸಮಾಧಾನ ಹೇಳಿದರೆ, ಯಾರಿಗೆ ಕಡಿಮೆ ಅಂತ ಕೇಳಬೇಕಾದದ್ದು ಇದಕ್ಕೇ.

ಗಡಸುತನ ಒಂದೇ ಅಲ್ಲ. ನೀರು ಎಷ್ಟು ಹುಳಿ ಅಂದರೆ ಅದರ ಪಿಎಚ್ ಎಷ್ಟು, ಎಲೆ ಕೊಳೆತು ಸೇರಿದ ಕಂದು ಪದಾರ್ಥ ಎಷ್ಟು, ಉಪ್ಪು ಎಷ್ಟು, ಬಿಸಿ ಎಷ್ಟು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ತಾಮ್ರಕ್ಕೆ 2007ರಿಂದ ಅಮೆರಿಕದಲ್ಲಿ ಇಂಥ ಹತ್ತರಷ್ಟು ಅಳತೆಗಳನ್ನು ಕಂಪ್ಯೂಟರಿಗೆ ಕೊಟ್ಟು, ಆ ನದಿಗೆ ತಕ್ಕ ಮಿತಿ ತೆಗೆಯುವ ಪದ್ಧತಿ ಇದೆ. ಕೊಳೆತ ಪದಾರ್ಥ ತುಂಬಿದ ನೀರು ತಾಮ್ರವನ್ನು ಹಿಡಿದಿಟ್ಟುಕೊಂಡು ಅದರ ವಿಷವನ್ನು ತಗ್ಗಿಸುತ್ತದೆ ಕೂಡ. ಇದನ್ನು ಕೇಳಿ ನೆಮ್ಮದಿಪಡುವಂತಿಲ್ಲ. ಹಾಗೆ ಹಿಡಿದಿಟ್ಟ ಲೋಹ ಎಲ್ಲೂ ಹೋಗಿಲ್ಲ. ಹರಿವು ನಿಧಾನವಾಗುವ ಡ್ಯಾಮಿನ ತಳದಲ್ಲಿ, ಕೆಸರಲ್ಲಿ ಕೂರುತ್ತದೆ. ಗಾಳಿ ಆಡದ ಕೆಸರಲ್ಲಿ ಗಂಧಕದ ಜೊತೆ ಸೇರಿ ಗಟ್ಟಿಯಾಗಿರುತ್ತದೆ. ಆ ಕೆಸರನ್ನು ಕೆದಕಿ ಮೇಲೆ ತಂದು ಗಾಳಿಗೆ ಹಾಕಿದರೆ ಮತ್ತೆ ಕರಗಿ ಹೊರಡಬಹುದು. ಹೂಳು ತೆಗೆಯುವ ಯೋಜನೆ ಎಲ್ಲೇ ಬಂದರೂ ಮೊದಲು ಕೆಸರಿನ ಪರೀಕ್ಷೆ ಆಗಬೇಕು ಅನ್ನುವುದಕ್ಕೆ ಕಾರಣ ಇದು.

ಮೀನಿನ ಮೈಯಲ್ಲಿ ಸೇರುವ ಲೆಕ್ಕ

ಕೀಟನಾಶಕಕ್ಕೆ ಕೇಳುವ ಎರಡನೇ ಪ್ರಶ್ನೆ, ಮೈಯಲ್ಲಿ ಶೇಖರ ಆಗುತ್ತದಾ ಅನ್ನುವುದು. ಅದಕ್ಕೆ ಸುಲಭದ ಭಾಗಾಕಾರ ಇದೆ. ಮೀನಿನಲ್ಲಿ ಎಷ್ಟಿದೆಯೋ ಅದನ್ನು ನೀರಲ್ಲಿ ಎಷ್ಟಿದೆಯೋ ಅದರಿಂದ ಭಾಗಿಸಿ. ಉತ್ತರ ದೊಡ್ಡದಾದಷ್ಟು ಅಪಾಯ ದೊಡ್ಡದು.

ಸತುವಿಗೆ ಇದು ತಲೆಕೆಳಗಾಗುತ್ತದೆ. ಮೀನು ತನಗೆ ಬೇಕಾದಷ್ಟು ಸತುವನ್ನು ತಾನೇ ಹದವಾಗಿ ಕಾಯ್ದುಕೊಳ್ಳುತ್ತದೆ. ಲೆಕ್ಕಕ್ಕೆ ಕಿಲೋಗೆ 20 ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ. ನೀರಲ್ಲಿ 0.01 ಮಿಲಿಗ್ರಾಂ ಇದ್ದರೆ ಭಾಗಾಕಾರದ ಉತ್ತರ 2000. ನೀರು ಕೆಟ್ಟು 0.1 ಆದರೆ ಉತ್ತರ 200. ಅಂದರೆ ನೀರು ಕೊಳಕಾದಷ್ಟೂ ಅಂಕಿ 'ಸುರಕ್ಷಿತ' ಆಗುತ್ತಾ ಹೋಗುತ್ತದೆ! ಹಾಗಾಗಿ ಈ ಅಂಕಿ ನೋಡಿ ಬೇಕಾದ ಲೋಹಗಳನ್ನು ಅಪಾಯಕಾರಿ ಪಟ್ಟಿಗೆ ಹಾಕುವುದಕ್ಕೆ ಅರ್ಥ ಇಲ್ಲ.

ಪಾದರಸ ಇದಕ್ಕೆ ಪೂರ್ತಿ ಉಲ್ಟಾ. ಗಾಳಿ ಇಲ್ಲದ ಕೆಸರಿನ ಬ್ಯಾಕ್ಟೀರಿಯಾ ಅದನ್ನು ಮೀಥೈಲ್ ಪಾದರಸ ಮಾಡುತ್ತದೆ. ಅದು ಸಣ್ಣ ಜೀವಿಯಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ಹೋಗುವಾಗ ಹಂತ ಹಂತಕ್ಕೂ ಹೆಚ್ಚುತ್ತದೆ. ನೀರಲ್ಲಿ ಅಳತೆಗೇ ಸಿಗದಷ್ಟಿದ್ದರೂ ಊಟದ ತಟ್ಟೆಯ ಮೀನಿನಲ್ಲಿ ಅಪಾಯದ ಮಟ್ಟಕ್ಕೆ ಬಂದಿರಬಹುದು. ಇಲ್ಲಿ ನೀರಿಗಿಂತ ಮೀನನ್ನೇ ಪರೀಕ್ಷಿಸಬೇಕು.

ಮಿತಿಯ ಅಂಕಿ ಎಲ್ಲಿಂದ ಬರುತ್ತದೆ?

ಪಾಚಿ, ನೀರಿನ ಚಿಕ್ಕ ಜೀವಿ ಡ್ಯಾಫ್ನಿಯಾ, ಬಸವನಹುಳು, ಹಲವು ಜಾತಿಯ ಮೀನು, ಹೀಗೆ ಬೇರೆ ಬೇರೆ ಜೀವಿಗಳನ್ನು ಲ್ಯಾಬಿನಲ್ಲಿ ಲೋಹದ ಬೇರೆ ಬೇರೆ ಪ್ರಮಾಣದಲ್ಲಿ ಸಾಕಿ ನೋಡುತ್ತಾರೆ. ಸಾಯುತ್ತವಾ ಅಂತ ಮಾತ್ರ ಅಲ್ಲ, ಬೆಳೆಯುತ್ತವಾ, ಮರಿ ಹಾಕುತ್ತವಾ ಅಂತಲೂ. ತೊಂದರೆ ಶುರುವಾಗುವ ಮಟ್ಟವನ್ನು ಜಾತಿವಾರು ಗುರುತಿಸಿ, ತೀರಾ ನಾಜೂಕಾದದ್ದರಿಂದ ಗಟ್ಟಿಯಾದದ್ದರವರೆಗೆ ಸಾಲಾಗಿ ಜೋಡಿಸುತ್ತಾರೆ. ಆ ಸಾಲಿನಿಂದ, ನೂರಕ್ಕೆ 95 ಜಾತಿಗಳಿಗೆ ತೊಂದರೆ ಆಗದ ಮಟ್ಟ ಯಾವುದು ಅಂತ ತೆಗೆಯುತ್ತಾರೆ. ಮಾಹಿತಿ ಎಷ್ಟು ಗಟ್ಟಿಯಾಗಿದೆ ನೋಡಿ, ಆ ಅಂಕಿಯನ್ನು ಇನ್ನೂ ಸ್ವಲ್ಪ ಕೆಳಗೆ ಇಳಿಸುವುದೂ ಉಂಟು.

ಇನ್ನೊಂದು ಕಡೆ, ನದಿಯಲ್ಲಿ ನಿಜವಾಗಿ ಎಷ್ಟಿದೆ ಅನ್ನುವ ಅಂಕಿ. ಅದನ್ನು ಸುರಕ್ಷಿತ ಮಟ್ಟದಿಂದ ಭಾಗಿಸಿದಾಗ ಒಂದಕ್ಕಿಂತ ಹೆಚ್ಚು ಬಂದರೆ ರಿಸ್ಕ್ ಇದೆ ಅಂತ ಅರ್ಥ. ಎಷ್ಟೇ ವಿಷದ ವಸ್ತುವಾದರೂ ಯಾರಿಗೂ ತಲುಪದಿದ್ದರೆ ರಿಸ್ಕ್ ಕಡಿಮೆ. ಸಾಧಾರಣ ವಿಷವೂ ದಿನಾ ತಲುಪುತ್ತಿದ್ದರೆ ಜಾಸ್ತಿ.

ಇದರಲ್ಲಿ ಎರಡು ಕಡೆ ನಮ್ಮ ನದಿಗಳಿಗೆ ಲೆಕ್ಕ ಸರಿ ಕೂರುವುದಿಲ್ಲ ಅಂತ ನನ್ನ ಅಭಿಪ್ರಾಯ. ಒಂದು, ಈ ಪರೀಕ್ಷೆಗಳಲ್ಲಿ ಬಹುಪಾಲು ತಂಪು ದೇಶಗಳ ಜೀವಿಗಳ ಮೇಲೆ ನಡೆದದ್ದು. ರೇನ್‌ಬೋ ಟ್ರೌಟ್ ಬಗ್ಗೆ ಗೊತ್ತಿರುವಷ್ಟು ಭೀಮೆಯ ಮೀನುಗಳ ಬಗ್ಗೆ ಗೊತ್ತಿಲ್ಲ. ಇನ್ನೊಂದು, ಜುಲೈಯ ಮುಠಾ ಬೇರೆ, ಏಪ್ರಿಲ್‌ನ ಮುಠಾ ಬೇರೆ. ಬೇಸಿಗೆಯಲ್ಲಿ ಹರಿಯುವುದರಲ್ಲಿ ಬಹಳ ಭಾಗ ಊರಿನ ಚರಂಡಿ ನೀರೇ. ಅದೇ ಪ್ರಮಾಣದ ಲೋಹ ಬಿಟ್ಟರೂ ಕಲಸಿ ತೆಳುವಾಗಲು ನೀರಿಲ್ಲ. ಪೈಪಿನ ಬಾಯಿಯಲ್ಲಿ ಮಿತಿ ಪಾಲಿಸಿದರೂ ನದಿಯಲ್ಲಿ ಮಿತಿ ಮೀರಬಹುದು. ದೇಶಕ್ಕೆಲ್ಲ ಒಂದು ಸಾಮಾನ್ಯ ಮಿತಿ ಇದ್ದರೂ, ಸ್ಥಳೀಯ ಪರಿಸ್ಥಿತಿ ನೋಡಿ ಅದಕ್ಕಿಂತ ಬಿಗಿ ಮಾಡುವ ಅಧಿಕಾರ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಇದೆ. ಅದರ ಜೊತೆ, ಲೋಹಗಳು ಒಂಟಿಯಾಗಿ ಬರುವುದಿಲ್ಲ. ನಿಕಲ್, ಸತು, ತಾಮ್ರ, ಕೆಲವು ಸಲ ಸೈನೈಡ್, ಎಲ್ಲಾ ಒಂದೇ ಚರಂಡಿಯಲ್ಲಿ. ಒಂದೊಂದೂ ಮಿತಿಯೊಳಗೆ ಇದ್ದು, ಒಟ್ಟಾಗಿ ಜೀವಿಗೆ ತಡೆಯಲಾಗದೆ ಹೋಗಬಹುದು.

ಲೆಕ್ಕ ಮುಗಿಯುವವರೆಗೆ ಕಾಯಬೇಕಾ?

ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ವಿಚಿತ್ರ ನರರೋಗ ಅಧಿಕೃತವಾಗಿ ದಾಖಲಾಯಿತು. ಮಕ್ಕಳಿಗೆ ಮಾತು ತೊದಲಿತು, ಕೈಕಾಲು ಹಿಡಿತ ತಪ್ಪಿತು. ಫ್ಯಾಕ್ಟರಿಯಿಂದ ಕೊಲ್ಲಿಗೆ ಬಿಟ್ಟ ಮೀಥೈಲ್ ಪಾದರಸ ಮೀನಿನ ಮೂಲಕ ಬಂದಿತ್ತು. ಸರ್ಕಾರ ಅದನ್ನು ಒಪ್ಪಿಕೊಂಡದ್ದು 1968ರಲ್ಲಿ. ನಡುವಿನ 12 ವರ್ಷ ಜನ ಆ ಮೀನನ್ನು ತಿನ್ನುತ್ತಲೇ ಇದ್ದರು. ಸಾಕ್ಷ್ಯ ಇನ್ನೂ ಸಾಲದು ಅನ್ನುವ ಮಾತಿಗೆ ತೆತ್ತ ಬೆಲೆ ಅದು. ಆ ಊರಿನ ಹೆಸರಲ್ಲೇ ಪಾದರಸದ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಆಯಿತು. 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಸೇರಿತು.

ಹಾಗಾಗಿ ಎಲ್ಲಾ ಲೋಹಕ್ಕೂ ಒಂದೇ ತಾಳ್ಮೆ ತೋರಿಸುವುದಿಲ್ಲ. ಸತು, ತಾಮ್ರದಂಥವಕ್ಕೆ ನೀರು ನೋಡಿ, ಜಾಗ ನೋಡಿ ನಿಧಾನವಾಗಿ ಮಿತಿ ಕೂರಿಸುವುದು ಸರಿ. ಸೀಸಕ್ಕೆ ಅಷ್ಟು ತರ್ಕ ಬೇಕಿಲ್ಲ, ಮೂಲದಲ್ಲೇ ತೆಗೆದರೆ ಆಯಿತು. ಭಾರತದಲ್ಲಿ 2000ದಿಂದ ಸೀಸ ಇಲ್ಲದ ಪೆಟ್ರೋಲ್ ದೇಶದೆಲ್ಲೆಡೆ ಬಂತು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಪಾಲು ದಾಟಬಾರದು ಅನ್ನುವ ನಿಯಮ 2016ರಲ್ಲಿ ಬಂದು 2017ರ ನವೆಂಬರ್‌ನಿಂದ ಜಾರಿಯಾಯಿತು. ಈ ಎರಡಕ್ಕೂ ಯಾವ ನದಿಯ ಗಡಸುತನವನ್ನೂ ಅಳೆಯಬೇಕಾಗಿರಲಿಲ್ಲ.

ರಿಪೋರ್ಟ್ ಕೈಗೆ ಬಂದಾಗ ಏನು ನೋಡಬೇಕು

ಮೊದಲು ಲೋಹದ ಹೆಸರು. ಪಾದರಸ, ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಹೆಕ್ಸಾವೇಲೆಂಟ್ ಕ್ರೋಮಿಯಂ ಇದ್ದರೆ ಗಂಭೀರವಾಗಿ ತೆಗೆದುಕೊಳ್ಳಿ. ಬರೀ ಕಬ್ಬಿಣ, ಮ್ಯಾಂಗನೀಸ್ ಜಾಸ್ತಿ ಇದ್ದರೆ ಆ ಊರಿನ ನೆಲ ಎಂಥದ್ದು ಅಂತ ಕೇಳಿ. ಒಟ್ಟು ಅಂಕಿಯೋ, ಕರಗಿದ್ದೋ? ಪಿಎಚ್, ಗಡಸುತನ ಬರೆದಿದ್ದಾರಾ? ನೀರು ತೆಗೆದದ್ದು ಯಾವ ತಿಂಗಳು, ಚರಂಡಿ ಸೇರುವ ಜಾಗದ ಮೇಲೋ ಕೆಳಗೋ? ಮೇಲಿನ ನೀರಿನ ಅಳತೆಯೂ ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಮತ್ತೆ, ಪಕ್ಕದಲ್ಲಿ ಹಾಕಿರುವ ಮಿತಿ ಯಾರದ್ದು ಅಂತ ನೋಡಿ, ಕುಡಿಯುವವರದ್ದೋ, ಮೀನಿನದ್ದೋ, ಫ್ಯಾಕ್ಟರಿ ಪೈಪಿನದ್ದೋ. ಅಂದ ಹಾಗೆ, ನದಿ ಮೇಲಿನ ನೊರೆ ನೋಡಿ ಲೋಹ ಇದೆ ಅಂತಲೂ ಹೇಳಲಾಗುವುದಿಲ್ಲ, ಇಲ್ಲ ಅಂತಲೂ ಹೇಳಲಾಗುವುದಿಲ್ಲ. ಕರಗಿದ ಸೀಸಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ.

ನದಿ ದಂಡೆಯಲ್ಲಿ ಬೆಳೆದ ಸೊಪ್ಪು ತಿನ್ನಬಹುದಾ ಅನ್ನುವುದು ಮನೆ ನಡೆಸುವವರು ಕೇಳುವ ಪ್ರಶ್ನೆ. ಇಲ್ಲಿ ನಿಗಾ ಇಡಬೇಕಾದದ್ದು ಮುಖ್ಯವಾಗಿ ಕ್ಯಾಡ್ಮಿಯಂ ಮೇಲೆ. ಸತು ಹೋಗುವ ದಾರಿಯಲ್ಲೇ ಅದು ಬೇರಿನೊಳಗೆ ನುಗ್ಗುತ್ತದೆ, ಎಲೆಯಲ್ಲಿ ಸೇರುತ್ತದೆ, ಗಿಡ ನೋಡಲು ಹಸಿರಾಗಿಯೇ ಇರುತ್ತದೆ. ಜಪಾನಿನ ಜಿಂಜು ನದಿ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಸೇರಿದ ನೀರಿನಲ್ಲಿ ಬೆಳೆದ ಅಕ್ಕಿ ತಿಂದು, ಅದರಲ್ಲೂ ವಯಸ್ಸಾದ ಹೆಂಗಸರ ಮೂಳೆಗಳು ಸುಮ್ನೆ ಅಲುಗಾಡಿದರೂ ಮುರಿಯುವಂತಾಗಿದ್ದವು. ಉಪ್ಪುನೀರಲ್ಲಿ ತೊಳೆದರೆ ಎಲೆ ಮೇಲಿನ ಧೂಳು, ಅದರಲ್ಲಿರುವ ಸೀಸ ಸ್ವಲ್ಪ ಹೋಗುತ್ತದೆ. ಬೇರಿನಿಂದ ಒಳಗೆ ಬಂದದ್ದು ತೊಳೆದರೆ ಹೋಗುವುದಿಲ್ಲ, ಬೇಯಿಸಿದರೆ ನಾಶವಾಗುವುದಿಲ್ಲ. ಅದನ್ನು ತಿಳಿಯಲು ಸೊಪ್ಪನ್ನೇ ಒಣಗಿಸಿ ಲ್ಯಾಬಿನಲ್ಲಿ ಪರೀಕ್ಷಿಸಬೇಕು. ತರಕಾರಿಯಲ್ಲಿ ಸೀಸ, ಕ್ಯಾಡ್ಮಿಯಂ ಎಷ್ಟಿರಬಹುದು ಅನ್ನುವುದಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಮಿತಿ ಹಾಕಿದೆ. ಹೌಸಿಂಗ್ ಸೊಸೈಟಿಯವರು, ಸಂಘದವರು ಸೇರಿ ಮಾನ್ಯತೆ ಇರುವ ಲ್ಯಾಬಿಗೆ ಒಂದು ಸ್ಯಾಂಪಲ್ ಕಳಿಸುವುದಾದರೆ ಬೇಸಿಗೆಯಲ್ಲಿ ಕಳಿಸಿ. ಮಳೆ ಬಿದ್ದ ಮೇಲೆ ಕಳಿಸಿದರೆ ನಿಜವಾದ ಅಂಕಿ ಸಿಗದೆ ಹೋಗಬಹುದು.